ಅರ್ಧಕ್ಕೆ ನಿಂತ ಕೋಣೆ

ಇಪ್ಪತ್ತೊಂದನೇ ತಾರೀಖು, ಗುರುವಾರ

ಪ್ರೀತಿಯ ಗುಬ್ಬೀ,

ನಿನ್ನ ಅಪ್ಪನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿನೋವು ಇಳಿದಿದೆ, ನನ್ನ ಕೆಮ್ಮು ಹಾಗೇ ಇದೆ. ನಿನ್ನ ಕಾಗದ ಬಂದು ಹದಿನೈದು ದಿನವಾದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ವರ್ಕ್‌ಶಾಪಿನಲ್ಲಿ ಕೈತುಂಬ ಕೆಲಸವಿತ್ತು ಎಂದು ಬರೆಯಲು ಹೊರಟಿದ್ದೆ. ನಿನ್ನಮ್ಮ ಹೆಗಲ ಮೇಲಿಂದ ಇಣುಕಿ ನೋಡಿ, "ಸುಳ್ಳು ಯಾಕ್ರೀ ಬರೀತೀರಾ? ಮುಖ ಊದಿಸ್ಕೊಂಡು ಕೂತಿದ್ದೆ ಅಂತ ಬರೀರಿ" ಅಂದಳು. ಸರಿ, ಹಾಗೇ ಆಗಲಿ. ಮುಖ ಊದಿಸಿಕೊಂಡು ಕೂತಿದ್ದೆ.

ನಿಮ್ಮ ಮನೆಗಾಡಿಯ ಕೋಣೆ ಕೈಕೊಟ್ಟ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ. ಆ ಭಾನುವಾರ ಸಂಜೆ ನಿನ್ನಮ್ಮ ಬೀಗಿತ್ತಿಯ ಜತೆ ಫೋನಿನಲ್ಲಿದ್ದಳು. ನಾನು ಹಳೇ ಟಾರ್ಚು ಬಿಚ್ಚಿ ಹರವಿಕೊಂಡು ಕೂತಿದ್ದೆ. "ಅಯ್ಯೋ, ಅರ್ಧಕ್ಕೇ ನಿಂತ್ಬಿಡ್ತಾ? ಒಳಗೂ ಹೋಗಲ್ವಾ, ಹೊರಗೂ ಬರಲ್ವಾ?" ಎಂದು ಅವಳು ಕೇಳಿದ್ದು ಕಿವಿಗೆ ಬಿತ್ತು. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಮೇಜಿನ ಡ್ರಾಯರಿನ ಹಾಗೆ ಪಕ್ಕಕ್ಕೆ ಚಾಚಿಕೊಳ್ಳುವ ಆ ಕೋಣೆ ತಾನೇ? ಅದನ್ನು ತಳ್ಳುವುದು ಹೈಡ್ರಾಲಿಕ್ ಪಂಪು ತಾನೇ? ಇನ್ನೆರಡು ನಿಮಿಷಕ್ಕೆ ನನ್ನ ಫೋನು ಬಡಿದುಕೊಳ್ಳುತ್ತದೆ ಎಂದು ಜೇಬಿನಿಂದ ತೆಗೆದು ಮುಂದಿಟ್ಟುಕೊಂಡೆ. ಅದು ಉಸಿರೆತ್ತಲಿಲ್ಲ. ನಿನ್ನಮ್ಮ ಮಾತು ಮುಗಿಸಿ ಬಂದು, "ಬೀಗರು ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡ್ತಾರಂತೆ. ಗುಬ್ಬಿನೇ ಬರ್ಲಿಕ್ಕೆ ಹೇಳಿದಾಳೆ" ಅಂದಳು.

ಬೀಗರಂತೆ! ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಒತ್ತಿ ಒತ್ತಿ ನಿವೃತ್ತರಾದವರು. ನಾನು ಮೂವತ್ತೊಂದು ವರ್ಷದಿಂದ ಮಣ್ಣು ಅಗೆಯುವ ಯಂತ್ರ, ಕಾರು ಎತ್ತುವ ಲಿಫ್ಟು, ತಗಡು ಬಗ್ಗಿಸುವ ಪ್ರೆಸ್ಸು ಎನ್ನದೆ ಹೈಡ್ರಾಲಿಕ್ ಎಣ್ಣೆಯಲ್ಲೇ ಮುಳುಗಿ ಎದ್ದವನು. ವರ್ಕ್‌ಶಾಪಿನಲ್ಲಿ ನನ್ನನ್ನು ಎಣ್ಣೆ ಡಾಕ್ಟರ್ ಎನ್ನುತ್ತಾರೆ. ಮನೆಯಲ್ಲೇ ಡಾಕ್ಟರನ್ನು ಇಟ್ಟುಕೊಂಡು ಲೈಬ್ರರಿಯವರಿಗೆ ಕೈ ನೀಡಿ ನಾಡಿ ತೋರಿಸಿದೆಯಲ್ಲ ಮಗಳೇ! ಅವರಿಗಿಂತ ನಾವೇ ನಿನಗೆ ಒಂದು ಗಂಟೆ ಹತ್ತಿರದಲ್ಲಿದ್ದೇವೆ.

ಆ ಕೋಣೆ ಹೊರಗೆ ಬಾರದಿದ್ದರೆ ಊರೂರಿಗೆ ಹೋಗಿ ಕಣ್ಣು ಪರೀಕ್ಷಿಸುವ ನಿನ್ನ ಕೆಲಸವೇ ನಿಲ್ಲುತ್ತದೆ ಎಂದು ನನಗೂ ಗೊತ್ತು. ಕಣ್ಣು ತೋರಿಸಲು ಬಂದವರ ಕುರ್ಚಿಗೂ ಅಕ್ಷರದ ಹಲಗೆಗೂ ನಡುವೆ ದೂರ ಬೇಕಲ್ಲ. ನಿನ್ನ ಗಂಡ ಕನ್ನಡಕದ ಗಾಜು ಉಜ್ಜುವುದರಲ್ಲಿ ನಿಪುಣ, ಪಂಪಿನ ವಿಷಯದಲ್ಲಿ ಹಸುಗೂಸು, ಪಾಪ. ಹಾಗಾಗಿ ಯಾರಾದರೂ ಬರಲೇಬೇಕಿತ್ತು. ಯಾರು ಎನ್ನುವುದಷ್ಟೇ ನನ್ನ ಪ್ರಶ್ನೆ.

ನಿನ್ನ ಕಾಗದದಲ್ಲಿ ಎರಡು ಪುಟ ಪೂರ್ತಿ ಅವರ ಗುಣಗಾನ. ಮಾವ ಕೊಡೆ ಬಿಚ್ಚಿ ಸ್ಟೂಲಿನ ಮೇಲೆ ಕೂತು ಗಾಡಿಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾ ಹೋದರು, ನೀನು ಒಂದೊಂದಾಗಿ ನೋಡುತ್ತಾ ಹೋದೆ. ಹ್ಯಾಂಡ್ ಬ್ರೇಕ್ ಹಾಕಿದೆಯೇ? ಹಾಕಿದೆ. ಬ್ಯಾಟರಿಗೆ ಶಕ್ತಿ ಇದೆಯೇ? ಇದೆ. ಪೈಪುಗಳ ಗಂಟಿನಲ್ಲಿ ಎಣ್ಣೆ ಜಿನುಗುತ್ತಿದೆಯೇ? ಇಲ್ಲ. ಕೊನೆಗೆ ಮೂವತ್ತೆಂಟನೇ ಪುಟದಲ್ಲಿ ಸಿಕ್ಕಿತಂತೆ: ಕರೆಂಟು ಇಲ್ಲದಾಗ ಕೋಣೆಯನ್ನು ಕೈಯಿಂದ ತಳ್ಳಲು ಬಿಚ್ಚುವ ಚಿಕ್ಕ ವಾಲ್ವು ಅರ್ಧ ಸುತ್ತು ತೆರೆದೇ ಉಳಿದಿತ್ತು. ಪಂಪು ತಳ್ಳಿದ ಎಣ್ಣೆಯೆಲ್ಲ ಆ ಸಂದಿಯಿಂದ ನುಸುಳಿ ತೊಟ್ಟಿಗೇ ವಾಪಸಾಗುತ್ತಿತ್ತು. ಮೂವತ್ತೆಂಟು ಪುಟ! ಫೋನನ್ನು ಪಂಪಿನ ಹತ್ತಿರ ಹಿಡಿದಿದ್ದರೆ ನಾನು ಇಲ್ಲಿಂದಲೇ ಹೇಳುತ್ತಿದ್ದೆ. ಭಾರ ಬಿದ್ದ ಪಂಪಿನ ದನಿ ತಗ್ಗುತ್ತದೆ, ಭಾರವಿಲ್ಲದ್ದು ನಿಶ್ಚಿಂತೆಯಾಗಿ ಗುಂಯ್‌ಗುಡುತ್ತದೆ. ಇದು ಯಾವ ಪುಟದಲ್ಲಿದೆಯೋ ಬೀಗರನ್ನು ಕೇಳಿ ನೋಡು.

ನಿನ್ನಮ್ಮ ಫೋನಿನಲ್ಲಿ ಫೋಟೋ ತೋರಿಸಿದಳು. ನಿನ್ನ ಮೂಗಿಗೆಲ್ಲ ಗ್ರೀಸು. ಪಕ್ಕದಲ್ಲಿ ಅವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಬಿಳಿ ಅಂಗಿ ತೊಟ್ಟು ಹೈಡ್ರಾಲಿಕ್ ಕೆಲಸಕ್ಕೆ ಬಂದವರನ್ನು ನಾನು ಈವರೆಗೆ ಕಂಡಿರಲಿಲ್ಲ. ಆ ಫೋಟೋದಲ್ಲಿ ಅವರು ಎದೆಯುಬ್ಬಿಸಿ ನಿಂತಿದ್ದಾರೆ. ಬೀಗರು ಬೀಗದೆ ಇನ್ನಾರು ಬೀಗಬೇಕು ಎಂದೆ. ನಿನ್ನಮ್ಮ ನಗಲಿಲ್ಲ.

ಒಂದು ವಿಷಯ ಮಾತ್ರ ಓದಿ ನನ್ನ ಹೊಟ್ಟೆ ತಣ್ಣಗಾಯಿತು. ಕೋಣೆ ಅರ್ಧ ಹೊರಗಿದ್ದಾಗಲೇ ಅವರು ತೊಟ್ಟಿಯ ಮುಚ್ಚಳ ತೆಗೆದು, "ಎಣ್ಣೆ ಕಡಿಮೆ ಇದೆ" ಎಂದು ಕಂಠಮಟ್ಟ ತುಂಬಿಸಿದರಂತೆ. ಆಮೇಲೆ ಕೋಣೆ ಒಳಗೆ ಬಂದದ್ದೇ ತಡ, ಎಣ್ಣೆಯೆಲ್ಲ ಉಕ್ಕಿ ಅವರ ಷೂ ಮೇಲೆ! ಉಕ್ಕದೆ ಏನು ಮಾಡುತ್ತದೆ? ಕೋಣೆ ಹೊರಗಿದ್ದಾಗ ಎಣ್ಣೆ ಸಿಲಿಂಡರಿನೊಳಗೆ ಹೋಗಿ ಕೂತಿರುತ್ತದೆ, ತೊಟ್ಟಿ ಖಾಲಿ ಕಾಣುವುದು ಸಹಜ. ಕೋಣೆಯನ್ನು ಪೂರ್ತಿ ಒಳಗೆ ಎಳೆದುಕೊಂಡ ಮೇಲೇ ಮಟ್ಟ ನೋಡಬೇಕು. ಈ ಸಾಲುಗಳನ್ನು ನಾನು ಮೂರು ಸಲ ಗಟ್ಟಿಯಾಗಿ ಓದಿಕೊಂಡೆ. "ವಯಸ್ಸಾದ ಮನುಷ್ಯ ಜಾರಿ ಬಿದ್ದಿದ್ರೆ ಏನ್ ಗತಿ? ಕುಣೀತಿದೀರಲ್ಲ, ನಾಚ್ಕೆ ಆಗಲ್ವಾ?" ಎಂದು ನಿನ್ನಮ್ಮ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು.

ನಾಚಿಕೆ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಆಯಿತು. ಆಗ ನಾನೇ ಅವಳನ್ನು ಕೇಳಿದೆ, ನನಗೆ ಯಾಕೆ ಫೋನು ಮಾಡಲಿಲ್ಲವಂತೆ ಎಂದು. ಅವಳು ಸೌಟು ಒಳಗಿಟ್ಟು ಬಂದು ಎದುರಿಗೆ ಕೂತಳು. "ನೀವು ಹೋಗಿದ್ರೆ ಏನ್ ಮಾಡ್ತಿದ್ರಿ? ಮೊದ್ಲು ಅವಳ ಕೈಲಿರೋ ಸ್ಪ್ಯಾನರ್ ಕಿತ್ಕೊಳ್ತಿದ್ರಿ. 'ಬಿಡು, ನಿನ್ ಕೈಲಾಗಲ್ಲ, ಆಚೆ ನಿಂತ್ಕೋ' ಅಂತಿದ್ರಿ. ಚಿಕ್ಕೋಳಿದ್ದಾಗ ಅವಳ ಸೈಕಲ್ ಚೈನು ಬಿದ್ದಾಗಿನಿಂದ ನೋಡ್ತಾ ಇದೀನಿ. ಅವಳ ಮನೆ ರೀ ಅದು. ಅವಳಿಗೇ ಬರಬೇಕು ಆ ಕೆಲ್ಸ" ಅಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾಳೆ ನಿನ್ನಮ್ಮ. ಹೌದು ಗುಬ್ಬೀ, ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟರೆ ಸುಳ್ಳಾಗುತ್ತದೆ. ಅವರು ಒಳ್ಳೆಯವರು, ನಿನ್ನನ್ನು ಮನೆ ಮಗಳ ಹಾಗೆ ನೋಡಿಕೊಳ್ಳುತ್ತಾರೆ. ನಿನ್ನನ್ನು ಕೊಡುವಾಗ ನಾನು ಬೇಡಿಕೊಂಡದ್ದೂ ಅದನ್ನೇ. ಬೇಡಿಕೊಂಡದ್ದು ಸಿಕ್ಕಿತು, ಈಗ ಅದನ್ನು ನೋಡಿ ಹೊಟ್ಟೆ ಉರಿಯುತ್ತಿದೆ. ಇಂಥ ಮನುಷ್ಯನನ್ನು ಏನೆನ್ನಬೇಕೋ ನನಗೆ ತಿಳಿಯದು.

ಇರಲಿ. ಕೆಲಸದ ಮಾತು ಎರಡಿವೆ. ಪೈಪು ಸೋರುತ್ತಿದೆ ಎಂದು ಅನುಮಾನ ಬಂದರೆ ಕೈಯಿಂದ ಸವರಿ ಹುಡುಕಬೇಡ, ರಟ್ಟಿನ ತುಂಡು ಹಿಡಿದು ನೋಡು. ಸೂಜಿಯಷ್ಟು ತೂತಿನಿಂದ ಚಿಮ್ಮಿದರೂ ಆ ಎಣ್ಣೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ನನ್ನ ಜತೆಗಾರನೊಬ್ಬ ಬೆರಳು ಕಳೆದುಕೊಂಡದ್ದು ಹಾಗೇ. ಪುಸ್ತಕದಲ್ಲಿ ಇದು ಇದ್ದರೂ ಇರಬಹುದು, ನಾನೂ ಹೇಳಿದ ಹಾಗಿರಲಿ. ಇನ್ನೊಂದು, ಕೋಣೆ ಚಲಿಸುವಾಗ ಅದು ಜಾರುವ ಹಳಿಯ ಹತ್ತಿರ ಯಾರನ್ನೂ ಬಿಡಬೇಡ, ನಿನ್ನ ಮಾವನವರನ್ನಂತೂ ಬಿಡಲೇಬೇಡ, ಅವರಿಗೆ ಕಣ್ಣು ಮಂಜು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಬೀಗರಿಗೆ ನಮಸ್ಕಾರ ಹೇಳು. ಷೂ ಚೆನ್ನಾಗಿ ಒರೆಸಿಕೊಳ್ಳಲಿ.

ಹೋದಲ್ಲೆಲ್ಲ ನಿನ್ನ ಗಾಡಿಗೆ ಸಮನಾದ ನೆಲ ಸಿಗಲಿ. ಚೆನ್ನಾಗಿರು ತಾಯಿ.

ನಿನ್ನ
ಅಪ್ಪ

ವಿ.ಸೂ.: ನಿನ್ನಮ್ಮ ತರಕಾರಿ ತರಲು ಹೋಗಿದ್ದಾಳೆ. ಅವಳಿಗೂ ಹೇಳದ ವಿಷಯ ಇದು. ಆ ಸೋಮವಾರ ವರ್ಕ್‌ಶಾಪಿಗೆ ರಬ್ಬರ್ ಸೀಲು ತರುತ್ತೇನೆಂದು ಹೇಳಿ ಹೊರಟವನು ಟೂಲ್ ಚೀಲ ಹೊತ್ತು ಬಸ್ಸು ಹತ್ತಿದೆ. ನೀವು ಗಾಡಿ ನಿಲ್ಲಿಸಿದ್ದ ಮೈದಾನಕ್ಕೇ ಬಂದಿದ್ದೆ ಗುಬ್ಬೀ. ಗಾಡಿಯ ಕೆಳಗಿನಿಂದ ನಿನ್ನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅಳಿಯ ಒಳಗೆ ಗುಂಡಿ ಒತ್ತಿ ಹಿಡಿದಿದ್ದ, ಪಂಪು ಓಡುತ್ತಿತ್ತು. ಬೀಗರು ಆಚೆ ಬದಿಯಲ್ಲಿದ್ದರು, ನನಗೆ ಕಾಣಲಿಲ್ಲ. ನೀನು "ಅಪ್ಪಾ" ಎಂದು ಕೂಗಿದೆ. ನನ್ನ ಹೆಜ್ಜೆ ಗುರುತು ಹಿಡಿದುಬಿಟ್ಟೆ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, "ಆಂ, ಬಂದೆ ಗುಬ್ಬೀ" ಎಂದು ಚೀಲಕ್ಕೆ ಕೈ ಹಾಕಿದೆ. ಆಗ ನೀನು ಮತ್ತೆ ಕೂಗಿದೆ: "ಅಪ್ಪಾ, ಹದಿಮೂರರ ಸ್ಪ್ಯಾನರ್ ಕೊಡಿ."

ಕೊಡಿ. ನನ್ನ ಹತ್ತಿರ ನೀನು ಹುಟ್ಟಿದಾಗಿನಿಂದ 'ಕೊಡು' ಎಂದವಳು. ಆಚೆ ಬದಿಯಿಂದ ಬಿಳಿ ತೋಳಿನ ಕೈಯೊಂದು ಬಗ್ಗಿ ನಿನಗೆ ಸ್ಪ್ಯಾನರ್ ಕೊಟ್ಟಿತು. ನಾನು ಬಂದ ಬಸ್ಸಿಗೇ ವಾಪಸು ಹೊರಟೆ. ಕಾಗದದಲ್ಲಿ ನೀನು ಎಲ್ಲ ಕಡೆ 'ಮಾವ' ಎಂದೇ ಬರೆದಿದ್ದೀಯೆ, ನನಗೆ ನೋವಾಗದಿರಲಿ ಎಂದಿರಬೇಕು. ಅವರನ್ನು ಹೇಗೆ ಬೇಕಾದರೂ ಕರೆ, ಅದು ನಿಮ್ಮಿಬ್ಬರ ಮಾತು. ನನಗೆ ಬೇಕಾದದ್ದು ಒಂದೇ. ನಾನು ಓಗೊಟ್ಟದ್ದು ಪಂಪಿನ ಸದ್ದಿನಲ್ಲಿ ನಿನಗೆ ಕೇಳಿಸಿತೇ, ಇಲ್ಲವೇ? ಕೇಳಿಸಿದ್ದರೂ, ಕೇಳಿಸಲಿಲ್ಲ ಎಂದೇ ಬರೆ.