ಬ್ರೆಡ್ಡಿಗೆ ತಟ್ಟಿದ ಕೈ

ಚರ್ಚಿನ ಹಾಲ್, ಜೋಹಾನ್ಸ್‌ಬರ್ಗ್
ಮೇ ೨೨, ಗುರುವಾರ

ನನ್ನ ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಪ್ಪನ ಕೆಮ್ಮು? ‘ನೀವು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ’ ಎಂದು ಬರೆಯುವುದು ನಮ್ಮ ವಾಡಿಕೆ. ಈ ಸಲ ಅದನ್ನು ಬರೆಯಲು ಕೈ ಬರುತ್ತಿಲ್ಲ. ತಮ್ಮ ಗರಿಕಾಯಿ ಬದುಕಿದ್ದಾನೆ, ಅದನ್ನು ಮೊದಲು ಓದಿಕೋ. ಅವನ ಎಡಗೈಯ ಎರಡು ಬೆರಳು ಹೋಗಿವೆ, ತಲೆಗೆ ಹನ್ನೊಂದು ಹೊಲಿಗೆ ಬಿದ್ದಿವೆ. ಅಳು ಮುಗಿಸಿ ಮುಂದಕ್ಕೆ ಓದು.

ಇಲ್ಲಿ ಹೇಗೆ ಬದುಕುತ್ತಿದ್ದೆವೆಂದು ನಿನಗೆ ನಿಜ ಹೇಳಿಯೇ ಇರಲಿಲ್ಲ. ನಾನು ಮೂರು ಮನೆಯ ನೆಲ ಒರೆಸಿ, ಅವನು ಇಟ್ಟಿಗೆ ಹೊತ್ತು ತಂದದ್ದರಲ್ಲಿ ಬಾಡಿಗೆ, ಬಸ್ಸು, ನಿಮಗೆ ಕಳಿಸುವುದು ಮುಗಿದರೆ ಉಳಿಯುತ್ತಿದ್ದದ್ದು ಒಂದು ಮೂಟೆ ಜೋಳದ ಹಿಟ್ಟು. ಸಂಬಳದ ವಾರ ಕೋಳಿಕಾಲು. ಇಪ್ಪತ್ತನೇ ತಾರೀಖು ದಾಟಿದರೆ ಮುದ್ದೆಗೆ ಉಪ್ಪೇ ಗತಿ. ಅದಕ್ಕೇ ಎಲ್ಲರೂ ಗೊಗೊ, ಅಂದರೆ ಅಜ್ಜಿ, ಎಂದು ಕರೆಯುವ ಸ್ಕೋಸಾನಾ ಮುದುಕಿಯ ಹಿತ್ತಲಿನ ತಗಡಿನ ಕೋಣೆ ಹಿಡಿದಿದ್ದೆವು. ಅವಳ ಬಾಯಿ ಕೆಟ್ಟದ್ದು, ಕರುಳು ಒಳ್ಳೆಯದು. “ಏನೇ ಜಿಂಬಾಬ್ವೆ, ನನ್ನ ನಲ್ಲಿ ನೀರೆಲ್ಲ ಬಳಿದು ಹಾಕ್ತೀಯಲ್ಲೇ, ನಿಮ್ಮೂರಲ್ಲಿ ಹೊಳೆ ಬತ್ತೋಯ್ತಾ?” ಎಂದು ಬೈಯುತ್ತಲೇ ತಿಂಗಳ ಕೊನೆಯಲ್ಲಿ ಅರ್ಧ ಎಲೆಕೋಸು ಕೊಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವರು ಬಂದರು. ನೂರು ಜನವಿರಬಹುದು, ದೊಣ್ಣೆ, ಮಚ್ಚು, ಸಲಾಕೆ. ಕೆಲಸ ಕದ್ದ ಪರದೇಶಿಗಳನ್ನು ಓಡಿಸುತ್ತೇವೆಂದು ಹಾಡುತ್ತಾ ಬಂದರು. ಎದುರಿಗೆ ಚಪ್ಪಲಿ ಹೊಲಿಯುತ್ತಿದ್ದ ಮೊಜಾಂಬಿಕ್‌ನವನನ್ನು ಅವನ ಬಾಗಿಲಲ್ಲೇ ಕೊಚ್ಚಿದರು. ಅವನ ಕೂಗು ನಿಂತ ಮೇಲೂ ಕೊಚ್ಚುತ್ತಿದ್ದರಮ್ಮಾ. ಗರಿಕಾಯಿ ಮಂಚದಡಿ ತೂರಿದ. ನಾನು ಅಂಗಳದಲ್ಲೇ ಸಿಕ್ಕಿಕೊಂಡೆ. ಗೊಗೊ ಒನಕೆ ಹಿಡಿದು ಗೇಟಿಗೆ ಅಡ್ಡ ನಿಂತಳು. “ಇವಳು ನನ್ನ ತಂಗಿ ಮಗಳು ಕಣ್ರೋ, ಲಿಂಪೋಪೋದವಳು, ನಮ್ಮ ದೇಶದವಳೇ! ಒಳಗೆ ಕಾಲಿಟ್ರೆ ಕಾಲು ಮುರೀತೀನಿ. ಏಯ್ ಬೊಂಗಾನಿ, ನಿನ್ನ ಹೊಕ್ಕುಳಬಳ್ಳಿ ಕೊಯ್ದದ್ದು ಇದೇ ಕೈ, ಮರೆತ್ಯೇನೋ?” ಮುಂದಿದ್ದ ಬೊಂಗಾನಿ ತಲೆ ತಗ್ಗಿಸಿದ. ಗುಂಪು ಆಚೆ ತಿರುಗಿತು. ಹೋಗುವ ಮುಂಚೆ ಅವನು ಲೂಟಿಯ ಬ್ರೆಡ್ಡೊಂದನ್ನು ನನ್ನತ್ತ ಚಾಚಿದ. “ತಗೋ ತಂಗಿ, ಹೆದರ್ಕೋಬೇಡ, ತಿನ್ನು.”

ಅಮ್ಮಾ, ನೀನು ಕಲಿಸಿದ್ದನ್ನು ನನ್ನ ಕೈ ತಾನಾಗಿ ಮಾಡಿತು. ಮಂಡಿ ಬಗ್ಗಿಸಿ, ಅಂಗೈ ಬೊಗಸೆ ಮಾಡಿ ಎರಡು ಸಲ ತಟ್ಟಿ, ಆಮೇಲೆ ಚಾಚಿದೆ. ತಟ್ಟದೆ ಕಡಲೆಕಾಯಿ ತೆಗೆದುಕೊಂಡೆನೆಂದು ಚಿಕ್ಕಂದಿನಲ್ಲಿ ನನ್ನ ಬೆರಳ ಗೆಣ್ಣಿಗೆ ಹೊಡೆದಿದ್ದೆಯಲ್ಲ. ಈ ಬೀದಿಯಲ್ಲಿ ಯಾರೂ ಹಾಗೆ ತಟ್ಟುವುದಿಲ್ಲ, ನಮ್ಮ ಜಿಂಬಾಬ್ವೆಯವರಷ್ಟೇ. “ನೋಡ್ರೋ, ಬ್ರೆಡ್ಡಿಗೆ ಚಪ್ಪಾಳೆ ಹೊಡೀತಾಳೆ! ಲಿಂಪೋಪೋ ಅಂತೆ, ಲಿಂಪೋಪೋ!” ಎಂದು ಬೊಂಗಾನಿ ಅರಚಿದ. ನನ್ನನ್ನು ಒದ್ದು ಕೆಡವಿ, ತಗಡು ಕಿತ್ತು, ತಮ್ಮನನ್ನು ಕಾಲು ಹಿಡಿದು ಎಳೆದರು. ಮಚ್ಚಿಗೆ ಅವನು ಕೈ ಅಡ್ಡ ಕೊಟ್ಟ. ತಲೆಗೆ ಬಿದ್ದ ಏಟಿಗೆ ಪ್ರಜ್ಞೆ ತಪ್ಪಿತು. ಆಗ ಗೊಗೊ ಅವನ ಮೇಲೆ ಕವುಚಿ ಬಿದ್ದಳು. ಉಳಿದ ಏಟೆಲ್ಲ ಅವಳ ಬೆನ್ನಿಗೆ ಬಿದ್ದವು. ಆಸ್ಪತ್ರೆಯಿಂದ ನಮ್ಮಿಬ್ಬರನ್ನು ಈ ಚರ್ಚಿಗೆ ತಂದು ಬಿಟ್ಟಿದ್ದಾರೆ.

ಅವನಿಗೆ ಇದೊಂದೂ ಗೊತ್ತಿಲ್ಲ. ಎಚ್ಚರವಾದಾಗಿನಿಂದ ಒಂದೇ ಜಪ. “ಆ ಮುದುಕಿನೇ ಹಿಡಿದುಕೊಟ್ಲು ಅಕ್ಕಾ. ನಾನು ಒಳಗಿರೋದು ಅವಳಿಗಲ್ದೆ ಯಾರಿಗೆ ಗೊತ್ತಿತ್ತು? ಮನೆ ಸಮೇತ ಸುಡ್ತೀನಿ ಅವಳ್ನ.” ಅವನ ಬ್ಯಾಂಡೇಜು ನೋಡಿದರೆ ನಿಜ ಹೇಳಲಾಗದೆ, ನೀರು ತರುವ ನೆಪದಲ್ಲಿ ಎದ್ದು ಹೋಗುತ್ತೇನೆ. ಹೇಡಿ ನಾನು. ನೀನು ಹೇಳಿದರೆ ಅವನು ಕೇಳುತ್ತಾನೆ. ನಿಜ ಏನೆಂದು ಎರಡು ಸಾಲು ಬರೆದು ಈ ಕಾಗದ ತರುವ ವ್ಯಾನಿನವನ ಕೈಯಲ್ಲೇ ಕಳಿಸು, ದಮ್ಮಯ್ಯ.

ಅಪ್ಪನಿಗೆ ನನ್ನ ಗೌರವ ತಿಳಿಸು. ಮಣ್ಣಲ್ಲಿ ಮಲಗಿರುವ ನಮ್ಮ ಹಿರಿಯರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಮಗಳು,
ನ್ಯಾರಾಯಿ

ಮರೆಯುವ ಮುನ್ನ: ಅಲ್ಲ, ಮರೆತದ್ದಲ್ಲ. ವ್ಯಾನು ಯಾವಾಗ ಹೊರಡುತ್ತದೆಂದು ಕೇಳಿ ಬರುವಷ್ಟರಲ್ಲಿ ಗರಿಕಾಯಿಯ ಚಾಪೆ ಖಾಲಿ. ಚರ್ಚಿನವರ ಸೀಮೆಎಣ್ಣೆ ಡಬ್ಬಿಯೂ ಇಲ್ಲ. ನಿನ್ನ ಉತ್ತರ ಬರಲು ಹತ್ತು ದಿನ ಬೇಕು. ಗೊಗೊ ತನ್ನ ಮನೆಯಲ್ಲಿ ಮಲಗಿದಲ್ಲಿಂದ ಏಳಲಾರಳು. ಬೊಂಗಾನಿಯವರು ಇನ್ನೂ ಆ ಬೀದಿಯಲ್ಲೇ ಇದ್ದಾರಂತೆ, ಇದ್ದರೆ ಇರಲಿ, ಇದನ್ನು ವ್ಯಾನಿನವನ ಕೈಗೆ ಹಾಕಿ ಅಲ್ಲಿಗೇ ಓಡುತ್ತೇನೆ. ಅವನು ಕಡ್ಡಿ ಗೀರುವುದರೊಳಗೆ ಹೇಳಬೇಕು: ಹಿಡಿದುಕೊಟ್ಟವಳು ನಾನು ಕಣೋ, ಸುಡೋದಾದ್ರೆ ನನ್ನ ಸುಡು.