ಮೀನಿಲ್ಲದ ನಲವತ್ತೊಂದು ದಿನ

ವಿಜಯಪುರ
೨೬ ಏಪ್ರಿಲ್ ೨೦೨೬, ರವಿವಾರ

ಚಿ. ಸೌ. ಶೈಲಾಳಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಬಬಲೇಶ್ವರದಲ್ಲಿ ನೀನು, ನಿನ್ನ ತಂದೆ-ತಾಯಿ ಆರಾಮ ಇದ್ದೀರಿ ಎಂದು ಅರುಣ ಹೇಳಿದ. ಇಲ್ಲಿ ನಿಮ್ಮ ಮಾವನವರು, ನಿನ್ನ ಗಂಡ, ನಾನು ಮೂವರೂ ಇದ್ದೇವೆ. ನೀನು ತವರಿಗೆ ಹೋಗಿ ಏಳು ವಾರ ದಾಟಿದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು. ಮೂರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಎರಡು ಪತ್ರ ಬರೆದು ಹರಿದು ಹಾಕಿದೆ. ಇದನ್ನು ಅರುಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿದ್ದೇನೆ, ಅವನು ಓದಿಲ್ಲ.

ಬಿಸಿಲು ಬಹಳ ಇದೆ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಬಂದ ದಿನ ಕೊಡ ತುಂಬಿಸಿ ಮುಗಿಸುವಷ್ಟರಲ್ಲಿ ನನ್ನ ಮೊಣಕಾಲು ಕೈಕೊಡುತ್ತದೆ. ಅರುಣ ಸೊಲ್ಲಾಪುರ ರಸ್ತೆಯ ಬ್ಯಾಟರಿ ಅಂಗಡಿಯಿಂದ ಬಂದವನು ಉಂಡು ಮಲಗುತ್ತಾನೆ. ನನ್ನ ಜೊತೆ ಬೇಕಾದಷ್ಟೇ ಮಾತು. ಉಪ್ಪು ಕೇಳುತ್ತಾನೆ, ಮಜ್ಜಿಗೆ ಕೇಳುತ್ತಾನೆ. ಯುಗಾದಿಯ ಬೇವು-ಬೆಲ್ಲವನ್ನೂ ನಿಂತುಕೊಂಡೇ ತಿಂದು ಹೋದ.

ಅರುಣ ಹೇಳಿದ್ದಾನೋ ಇಲ್ಲವೋ, ಪಡಸಾಲೆಯಲ್ಲಿ ನಾನು ಎರಡನೆಯ ಅಕ್ವೇರಿಯಂ ಇಟ್ಟಿದ್ದೇನೆ. ನಿನ್ನ ಕೋಣೆಯದು ನೀನು ಒರೆಸಿಟ್ಟ ಹಾಗೆಯೇ ಖಾಲಿ ಇದೆ, ಅದನ್ನು ಮುಟ್ಟಿಲ್ಲ. ಹೊಸದು ಎರಡು ಅಡಿ ಉದ್ದದ್ದು, ಮಾರ್ಚ್ ೧೬ರಂದು ನೀರು ತುಂಬಿದೆ. ಇಂದಿಗೆ ನಲವತ್ತೊಂದು ದಿನ. ಇನ್ನೂ ಒಂದು ಮೀನನ್ನೂ ಬಿಟ್ಟಿಲ್ಲ.

ಯಾಕೆ ಇಟ್ಟೆ ಎಂದು ಹೇಳುವ ಮೊದಲು, ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಆದದ್ದನ್ನು ಆದ ಹಾಗೆಯೇ ಒಪ್ಪಿಕೊಂಡಿದ್ದೇನೆಯೇ ಎಂದು ನೀನು ನೋಡಬೇಕು.

ಹೋದ ಸೆಪ್ಟೆಂಬರ್ ೭ರ ಚಂದ್ರಗ್ರಹಣದ ದಿನ ನೀನು ಮೂರು ತಿಂಗಳ ಬಸುರಿ. ಗ್ರಹಣ ಬಿಡುವ ತನಕ ಮಲಗಿದಲ್ಲಿಂದ ಏಳಬೇಡ ಎಂದಿದ್ದೆ. ನಡುವೆ ಕರೆಂಟು ಹೋಯಿತು, ಟ್ಯಾಂಕಿನ ಗಾಳಿ ಯಂತ್ರ ನಿಂತಿತು. ನೀನು ಎದ್ದು, ಮೀನಿಗೆ ಉಸಿರು ಸಿಗಲೆಂದು ತಂಬಿಗೆಯಲ್ಲಿ ನೀರು ಎತ್ತಿ ಎತ್ತಿ ಸುರಿದೆ. ಹನ್ನೊಂದು ದಿನದ ಮೇಲೆ ಕೂಸು ಹೋಯಿತು. ಡಾಕ್ಟರ್ ಬಾಯಿಯವರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು: "ಮೊದಲಿನ ತಿಂಗಳದಾಗ ಹಿಂಗ ಭಾಳ ಮಂದಿಗೆ ಆಗತೈತ್ರಿ. ಇದರಾಗ ಯಾರದೂ ತಪ್ಪಿಲ್ಲ." ನಾನು ತಲೆಯಾಡಿಸಿದೆ. ಒಳಗೆ ಒಪ್ಪಿರಲಿಲ್ಲ.

ಮಾರ್ಚ್ ೩ರಂದು ಮತ್ತೆ ಗ್ರಹಣ. ಚಂದ್ರ ಹುಟ್ಟುವಾಗಲೇ ಹಿಡಿದಿತ್ತು, ಸಂಜೆ ಏಳರೊಳಗೆ ಬಿಟ್ಟಿತು. ನೀವಿಬ್ಬರೂ ಅಂಗಡಿಯಲ್ಲಿದ್ದಿರಿ. ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು ನಮ್ಮ ಪದ್ಧತಿ. ಕೊಡ ಚೆಲ್ಲಿದೆ, ಹಂಡೆ ಚೆಲ್ಲಿದೆ. ಆಮೇಲೆ ನಿನ್ನ ಕೋಣೆಗೆ ಹೋಗಿ, ಹನ್ನೊಂದು ಮೀನನ್ನು ಬೋಗುಣಿಗೆ ಹಾಕಿ, ಟ್ಯಾಂಕಿನ ನೀರನ್ನು ಮೋರಿಗೆ ಚೆಲ್ಲಿದೆ. ಇಷ್ಟಕ್ಕೆ ಪದ್ಧತಿ ಎಂದು ಹೇಳಬಹುದು. ಆದರೆ ಟ್ಯಾಂಕಿನ ಕಲ್ಲು ಮತ್ತು ನೀರು ಸೋಸುವ ಸ್ಪಂಜನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯಬೇಕೆಂದು ಯಾವ ಪದ್ಧತಿಯೂ ಹೇಳುವುದಿಲ್ಲ. ಅದು ನನ್ನ ಸಿಟ್ಟು. ಆ ನೀರಿನ ಮೇಲೆ ನನಗೆ ಆರು ತಿಂಗಳ ಸಿಟ್ಟಿತ್ತು.

ತೊಳೆದ ಮೇಲೆ ನಳದ ಹೊಸ ನೀರು ತುಂಬಿ ಮೀನನ್ನು ಮತ್ತೆ ಬಿಟ್ಟೆ. ಎರಡು ದಿನದಲ್ಲಿ ಎಂಟು ಸತ್ತವು. ಉಳಿದ ಮೂರು ಕರಿ ಮೋಲಿಗಳನ್ನು ಅರುಣ ಬಕೀಟಿನಲ್ಲಿ ಹಾಕಿಕೊಂಡು, ತನ್ನ ಅಂಗಡಿಯ ಪಕ್ಕದ ಯುನುಸನ ಮೀನಿನ ಅಂಗಡಿಗೆ ಓಡಿದ. ನೀನು ಅಳುತ್ತ ಕೂತಿದ್ದೆ. ಆಗ ನಾನು ಅಂದ ಮಾತನ್ನೂ ಬರೆಯುತ್ತೇನೆ, ಬಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. "ಮೀನ ಸತ್ತಾವಂತ ಅಳತಿ. ಗ್ರಹಣದಾಗ ಆ ನೀರಾಗ ಕೈ ಇಟ್ಟ ಕೂಸು ಕಳಕೊಂಡಿ, ಆವಾಗ ಇಷ್ಟ ಅತ್ತಿದ್ದೇನು?" ನೀನು ಎದ್ದು ಚೀಲ ತುಂಬಿಕೊಂಡೆ.

ನೀನು ಹೋದ ವಾರ, ಪಕ್ಕದ ಮನೆಯ ಮಾಬುಬಿ ಬಂದಾಗ ಅವಳ ಮುಂದೆಯೂ ಇದನ್ನೇ ಹೇಳಿಕೊಂಡೆ. ಅವಳು ಕರಿಬೇವು ಬಿಡಿಸುತ್ತ, ತಲೆ ಎತ್ತದೆ ಅಂದಳು: "ನಮ್ಮ ಸೊಸಿಗೂ ಎರಡ ಸಲ ಹಂಗ ಆತ್ರಿ, ಅಕ್ಕಾರ. ಆವಾಗ ಯಾ ಗ್ರಹಣಾನೂ ಇರಲಿಲ್ಲ. ಯಾರ ಮ್ಯಾಲ ಹಾಕೂಣು ಹೇಳ್ರಿ?"

ಮರುದಿನ ಯುನುಸನ ಅಂಗಡಿಗೆ ಹೋದೆ. ಸ್ವಚ್ಛ ನೀರಿನಲ್ಲಿ ಮೀನು ಯಾಕೆ ಸತ್ತವು ಎಂದು ಕೇಳಿದೆ.

"ಸ್ವಚ್ಛ ಇತ್ತಲ್ಲ, ಅದಕ್ಕ ಸತ್ತೂರಿ, ಅಮ್ಮಾರ," ಎಂದ. "ನೀವು ತೊಳದ ಪುಡಿ ಕಲ್ಲಿನಾಗ ಉಳದಿತ್ತು, ನಳದ ನೀರಾಗೂ ಔಷಧ ಇರತೈತಿ. ಅದೂ ಹೋಗಲಿ. ಮೀನಿನ ಹೊಲಸು ಕೊಳತು ಅಮೋನಿಯಾ ಆಗತೈತಿ. ಅದು ವಿಷ. ಅದನ್ನ ತಿನ್ನೂ ಸಣ್ಣ ಜೀವ ಸ್ಪಂಜಿನಾಗ, ಕಲ್ಲಿನಾಗ ಇರತಾವು. ಅವು ತಿಂದು ಇನ್ನೊಂದ ವಿಷ ಬಿಡತಾವು, ನೈಟ್ರೈಟ್. ಅದನ್ನ ತಿನ್ನೂ ಜೀವ ಬ್ಯಾರೆ. ನೀವು ಎಲ್ಲಾರನೂ ತೊಳದ ಬಿಟ್ರಿ."

"ಮತ್ತ ಹುಟ್ಟಾಕ ಎಷ್ಟ ದಿನ ಬೇಕಪಾ?"

"ತಿಂಗಳು, ಒಂದೂವರಿ ತಿಂಗಳು. ಗಡಬಡಿ ಇದ್ರ ನನ್ನ ಟ್ಯಾಂಕಿನ ಸ್ಪಂಜ ಒಂದ ತುಂಡ ಒಯ್ಯಿರಿ, ಹತ್ತ ದಿನದಾಗ ಮುಗೀತೈತಿ."

ಬೇಡ ಎಂದೆ. ನಾನು ಒಂದು ಗಂಟೆಯಲ್ಲಿ ತೊಳೆದು ಹಾಕಿದ್ದು ಹುಟ್ಟಲು ಎಷ್ಟು ದಿನ ಹಿಡಿಯುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ಅಂದಿನಿಂದ ಇದೇ ಕೆಲಸ. ನಳದ ನೀರನ್ನು ಒಂದು ದಿನ ಬಕೀಟಿನಲ್ಲಿ ಬಿಟ್ಟು, ಔಷಧದ ವಾಸನೆ ಹೋದ ಮೇಲೆ ತುಂಬಿದೆ. ದಿನಾ ಮುಂಜಾನೆ ಪತ್ರಿಕೆ ಓದಿದ ಮೇಲೆ ಮೀನಿನ ಕಾಳು ಒಂದು ಚಿಟಿಕೆ ಹಾಕುತ್ತೇನೆ. ತಿನ್ನಲು ಯಾರೂ ಇಲ್ಲ, ಅದು ಕೊಳೆಯಬೇಕು, ಅಷ್ಟೇ. ಆಮೇಲೆ ಸಣ್ಣ ಗಾಜಿನ ನಳಿಕೆಯಲ್ಲಿ ನೀರು ತೆಗೆದು ಪರೀಕ್ಷೆಯ ಹನಿ ಹಾಕಿ, ಬಣ್ಣವನ್ನು ಕಾರ್ಡಿಗೆ ಹೋಲಿಸಿ ವಹಿಯಲ್ಲಿ ಬರೆಯುತ್ತೇನೆ. ಎಂಟನೆಯ ದಿನ ಅಮೋನಿಯಾ ಕಾಣಿಸಿ ನಳಿಕೆಯ ನೀರು ಹಸಿರಾಯಿತು. ಹದಿನೇಳನೆಯ ದಿನ ನೈಟ್ರೈಟಿನ ನಳಿಕೆ ನೇರಳೆಯಾಯಿತು. ಅಲ್ಲಿಂದ ಹದಿನೆಂಟು ದಿನ ಅದೇ ನೇರಳೆ. ದಿನಾ ಎದ್ದು ಅದೇ ಬಣ್ಣ ನೋಡಿ ನೋಡಿ ಸಾಕಾಯಿತು. ಇದು ಎಂದೂ ಬದಲಾಗುವುದಿಲ್ಲ, ಚೆಲ್ಲಿಬಿಡೋಣ ಎಂದು ಒಂದು ದಿನ ಬಕೀಟನ್ನೂ ತಂದಿಟ್ಟಿದ್ದೆ.

ನಿಮ್ಮ ಮಾವನವರಿಗೆ ನಾನೊಂದು ತಮಾಷೆ. "ಬರೇ ನೀರ ನೋಡಕೋತ ಕುಂತೀಯಲ್ಲ, ಹಂಗ ನೋಡೂದಿದ್ರ ನನ್ನ ಮಾರೀನರ ನೋಡು" ಎನ್ನುತ್ತಾರೆ. ಮನೆಗೆ ಬಂದವರು ಮೀನು ಎಲ್ಲಿ ಎಂದು ಕೇಳಿದರೆ, "ಅರ್ಜಿ ಹಾಕ್ಯಾವ್ರಿ, ಇನ್ನೂ ಮಂಜೂರಾಗಿಲ್ಲ" ಎಂದು ನಗಿಸುತ್ತಾರೆ. ಆದರೆ ಬಿಸಿಲು ಏರಿದಾಗ ಟ್ಯಾಂಕಿಗೆ ಫ್ಯಾನು ತಿರುಗಿಸಿ ಇಡುವವರು ಅವರೇ.

ಮೊನ್ನೆ ಮಂಗಳವಾರ ನೈಟ್ರೈಟ್ ಸೊನ್ನೆಗೆ ಬಂತು. ಐದು ದಿನದಿಂದ ಅಮೋನಿಯಾವೂ ಸೊನ್ನೆ. ಯುನುಸ ಬಂದು ತಾನೇ ಪರೀಕ್ಷೆ ಮಾಡಿ, "ಆತ್ರಿ ಅಮ್ಮಾರ, ನಿಮ್ಮ ನೀರಿಗೆ ಜೀವ ಬಂತು. ಮೋಲಿ ಒಯ್ಯಿರಿ" ಎಂದ. ನಾನು ಒಯ್ದಿಲ್ಲ. ಆ ಮೂರು ಮೀನು ನಿನ್ನವು. ಎಲ್ಲಿರಬೇಕೆಂದು ನೀನು ಹೇಳಬೇಕು. ಬಬಲೇಶ್ವರಕ್ಕೇ ಬೇಕೆಂದರೆ ಟ್ಯಾಂಕು, ಕಲ್ಲು, ಸ್ಪಂಜು ಎಲ್ಲವನ್ನೂ ಅರುಣ ತಂದು ಕೊಡುತ್ತಾನೆ. ಸ್ಪಂಜನ್ನು ದಾರಿಯಲ್ಲಿ ಒಣಗಲು ಬಿಡಬಾರದು, ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ತರಬೇಕು. ನೀನು ಬಾ ಎಂದು ನಾನು ಬರೆಯುವುದಿಲ್ಲ. ಬರೆದರೆ ಅದು ಅತ್ತೆಯ ಅಪ್ಪಣೆಯ ಹಾಗೆ ಕಾಣುತ್ತದೆ. ಮನೆ ನಿನ್ನದು. ಬಂದರೂ, ಇನ್ನೂ ಸ್ವಲ್ಪ ದಿನ ಅಲ್ಲೇ ಇದ್ದರೂ ನಾನು ಯಾರ ಮುಂದೆಯೂ ಮಾತಾಡುವುದಿಲ್ಲ.

ನಿನ್ನ ತಾಯಿಗೆ ನನ್ನ ನಮಸ್ಕಾರ ಹೇಳು. ಅವರ ಮುಖ ನೋಡಲು ನನಗೆ ನಾಚಿಕೆ ಇದೆ ಎಂದೂ ಹೇಳು. ಮೈ ನೋಡಿಕೋ, ಹೊತ್ತಿಗೆ ಉಣ್ಣು. ನಿನ್ನ ಬಾಳು ತಂಪಾಗಿರಲಿ.

ನಿನ್ನ ಅತ್ತೆ,
ನಂದಾ

ತಾ. ಕ.: ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ೧೯೯೫ರ ದೀಪಾವಳಿ ಅಮಾವಾಸ್ಯೆಯ ಮುಂಜಾನೆ ಸೂರ್ಯಗ್ರಹಣವಿತ್ತು. ನಾವು ಆಗ ಕಾಖಂಡಕಿಯಲ್ಲಿದ್ದೆವು, ನಾನು ಐದು ತಿಂಗಳ ಬಸುರಿ. ತಡೆಯಲಾಗದೆ ಎದ್ದು ಒಂದು ವಾಟಗಾ ನೀರು ಕುಡಿದೆ. ನನ್ನ ಅತ್ತೆ ಮಲಕವ್ವ ನೋಡಿದರು. ಹದಿನೆಂಟು ದಿನಕ್ಕೆ ಕೂಸು ಹೋಯಿತು. ಹೆಣ್ಣು. "ಒಂದ ವಾಟಗಾ ನೀರಿಗೆ ಕೂಸ ನುಂಗಿದೆಲ್ಲ ಬೇ" ಎಂದರು. ಅವರು ಸಾಯುವ ತನಕ ಅದನ್ನು ಮತ್ತೆ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ತನಗೊಬ್ಬ ಅಕ್ಕ ಇರಬೇಕಿತ್ತು ಎಂದು ಅರುಣನಿಗೆ ಗೊತ್ತಿಲ್ಲ. ಆಮೇಲೆ ತಿಕೋಟಾದ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪತ್ರಿಕೆ ಜೋಡಿಸಿದೆ. ಗ್ರಹಣಕ್ಕೂ ಬಸಿರಿಗೂ ಸಂಬಂಧವಿಲ್ಲ ಎಂಬ ಸುದ್ದಿ ಬಂದಾಗಲೆಲ್ಲ, ಓದಲು ಬಂದ ಹೆಣ್ಣುಮಕ್ಕಳಿಗೆ ಆ ಪುಟ ತೆಗೆದು ತೋರಿಸಿದ್ದೇನೆ. ನಾನು ಮಾತ್ರ ನಂಬಲಿಲ್ಲ. ನಿನ್ನ ತಪ್ಪಿಲ್ಲ ಎಂದು ಒಪ್ಪಿದರೆ ನನ್ನ ತಪ್ಪೂ ಇರಲಿಲ್ಲ ಎಂದಾಗುತ್ತಿತ್ತು. ಮೂವತ್ತು ವರ್ಷ ಹೊತ್ತದ್ದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿನ್ನ ತಲೆಯ ಮೇಲೆ ಇಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಮೊದಲ ಸಲ ಬರೆಯುತ್ತಿದ್ದೇನೆ: ಅಂದು ನನಗೆ ಬಾಯಾರಿಕೆಯಾಗಿತ್ತು, ಅಷ್ಟೇ.