ಕೆಂಚಯ್ಯನವರ ಒಂದೇ ಪ್ಲೇಟು

ಆಗಸ್ಟ್ 3, ಭಾನುವಾರ

ಬೆಳಿಗ್ಗೆ ಒಂಬತ್ತು ಗ್ರಾಮಫೋನ್ ಪ್ಲೇಟು ತೊಳೆದೆ. ನೀರು, ಸ್ಪಿರಿಟ್, ಹಳೆ ಪಂಚೆಯ ತುಂಡು. ಯಾರ ಮನೆಯಿಂದ ತಂದದ್ದೇ ಆಗಲಿ, ತೊಳೆಯದೆ ಸೂಜಿ ಇಡುವವಳಲ್ಲ ನಾನು. ಪಾತ್ರೆ ಸ್ಟ್ಯಾಂಡಿನಲ್ಲಿ ಒಣಗಲು ಇಟ್ಟಿದ್ದಕ್ಕೆ ಕುಮಾರ್ ಗೊಣಗಾಟ. ಮದುವೆಯಾಗಿ ಹತ್ತೊಂಬತ್ತು ವರ್ಷ, ಇನ್ನೂ ನನ್ನ ಸಿಂಥ್ ಪ್ಲೇಟುಗಳಿಗೆ ‘ಫ್ರಿಜ್ಜಿನ ಸದ್ದು’ ಅಂತಲೇ ಹೆಸರು. ಎಂಬತ್ತರ ದಶಕದ ಡಿಸ್ಕೋ, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಹೊಸದರ ಪಾಪ್ — ಮುನ್ನೂರು ಚಿಲ್ಲರೆ ಇವೆ. ಅಷ್ಟೂ ಫ್ರಿಜ್ಜು!

ತಲೆಯಲ್ಲಿ ಮಾತ್ರ ಬೇರೆಯದೇ ಕೊರೆಯುತ್ತಿದೆ. ಹಳೇಬೀಡಿನ ಕೆಂಚಯ್ಯ. ಹಿಂದೆ ಮೈಕ್‌ಸೆಟ್ ಇಟ್ಟಿದ್ದವರು. 1984ರಲ್ಲಿ ತಾವೇ ಹಾಡು ಕಟ್ಟಿ, ಸಿಂಥ್ ನುಡಿಸಿ, ಬೆಂಗಳೂರಿಗೆ ಹೋಗಿ ಒಂದೇ ಒಂದು ಪ್ಲೇಟು ಮಾಡಿಸಿದ್ದರಂತೆ. ‘ಕರೆಂಟು ಬಂತು’ ಅಂತ ಹೆಸರು. ಹಳೇಬೀಡಿನ ಎಲೆಕ್ಟ್ರಾನಿಕ್ ಪಾಪ್! ಕಳೆದ ವರ್ಷ, ನನ್ನಂತೆಯೇ ಪ್ಲೇಟು ಕೂಡಿಸುವ ಬೇಲೂರಿನ ಇಂದ್ರೇಶನನ್ನು ಕೇಳಿದಾಗ “ಅದನ್ನ ಗೆದ್ದಲು ತಿಂದಾಕೈತೆ ಅಕ್ಕ” ಅಂದಿದ್ದ. ನಂಬಿದ್ದೆ.

ಇವತ್ತು ಒರೆಸುವಾಗ ಹೊಳೆಯಿತು. ಗೆದ್ದಲು ಕವರು ತಿನ್ನುತ್ತದೆ. ಪ್ಲೇಟು ತಿನ್ನುತ್ತದೆಯೇ?

ಆಗಸ್ಟ್ 5, ಮಂಗಳವಾರ. ಮಧ್ಯಾಹ್ನ 1.40

ನಾನು ಕೆಲಸ ಮಾಡುವ ಅರಸೀಕೆರೆ ಪೋಸ್ಟ್ ಆಫೀಸಿನಲ್ಲಿ ಊಟದ ಹೊತ್ತು. ಡಬ್ಬಿ ಮುಚ್ಚಿಟ್ಟು ಇಂದ್ರೇಶನಿಗೆ ಫೋನ್ ಮಾಡಿದೆ. ಅವನದು ಬೇಲೂರಿನಲ್ಲಿ ಫೋಟೋ ಸ್ಟುಡಿಯೋ, ಮಂಗಳವಾರ ರಜೆ. ಪ್ಲೇಟಿನ ಹುಚ್ಚು ನನ್ನಷ್ಟೇ. ಆರು ವರ್ಷದ ಹಿಂದೆ ಇಬ್ಬರೂ ಕೂತು ಪ್ಲೇಟು ಹುಡುಕಲು ಗಡಿ ಹಾಕಿಕೊಂಡಿದ್ದೇವೆ — ಅರಸೀಕೆರೆ, ಗಂಡಸಿ, ಹಾರನಹಳ್ಳಿ ನನಗೆ. ಬೇಲೂರು, ಹಗರೆ ಅವನಿಗೆ. ಹಳೇಬೀಡು ಇಬ್ಬರದೂ, ಹೋದರೆ ಒಟ್ಟಿಗೇ.

“ಎಲ್ಲಿದ್ದೀಯೋ?”

“ಮನೇಲೇ ಅಕ್ಕ, ಮಲಗಿದ್ದೆ.”

ಹಿಂದೆ ಯಾವನೋ ಗೈಡು ಇಂಗ್ಲಿಷಿನಲ್ಲಿ ಒದರುತ್ತಿದ್ದ. ಬೇಲೂರಲ್ಲೂ ಗೈಡುಗಳಿದ್ದಾರೆ, ನಿಜ. ಆದರೆ ಅವನು ಹೇಳುತ್ತಿದ್ದದ್ದು ಎರಡು ದೊಡ್ಡ ನಂದಿಗಳ ವಿಷಯ. ಅದು ಹಳೇಬೀಡು. ಕೆಂಚಯ್ಯನ ಮನೆ ಇರುವುದು ಗುಡಿಯ ಪಕ್ಕದ ಬೀದಿಯಲ್ಲೇ.

“ಟೀವಿ ಜೋರಾಗಿ ಇಟ್ಟಿದ್ದೀಯಲ್ಲೋ” ಅಂದೆ. “ಹೂಂ ಅಕ್ಕ” ಅಂದ. ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿದೆ.

ಆಗಸ್ಟ್ 11, ಸೋಮವಾರ

ಕೌಂಟರಿಗೆ ಹಳೇಬೀಡಿನ ಭಾಗಮ್ಮ ಅನ್ನುವವರು ಬಂದಿದ್ದರು, ಮಗಳಿಗೆ ಪಾರ್ಸೆಲ್ ಕಳಿಸಲು. ಕಳಿಸುವವರ ವಿಳಾಸ ನೋಡಿದೆ — ಗುಡಿ ಪಕ್ಕದ ಬೀದಿ. ಕೆಂಚಯ್ಯನವರು ಹೇಗಿದ್ದಾರೆ ಅಂತ ಸುಮ್ಮನೆ ಕೇಳಿದಂತೆ ಕೇಳಿದೆ.

“ಅವ್ರಿಗೇನವ್ವ, ಅವ್ರೆ. ಕಿವಿ ಒಸಿ ಮಂದ. ಮಂಗ್ಳಾರ ಮಂಗ್ಳಾರ ಬೇಲೂರಿಂದ ಸ್ಟುಡಿಯೋದೋನು ಬತ್ತಾನೆ, ಒಂದು ಸೂಟ್‌ಕೇಸ್ ತಕ್ಕಂಡು. ಬಾಗ್ಲು ಹಾಕ್ಕಂಡು ಕುಂತ್ಕತ್ತಾರೆ ಇಬ್ರೂವೆ.”

ಸೂಟ್‌ಕೇಸ್! ಅದು ಸೂಟ್‌ಕೇಸ್ ಅಲ್ಲ, ಸೂಟ್‌ಕೇಸಿನ ಹಾಗೆ ಮುಚ್ಚುವ ರೆಕಾರ್ಡ್ ಪ್ಲೇಯರ್. ಹುಡುಕಿ ಕೊಡಿಸಿದವಳು ನಾನೇ. ಮುದುಕರನ್ನು ವಾರವಾರ ಪುಸಲಾಯಿಸುತ್ತಿದ್ದಾನೆ. ಒಂದು ದಿನ ಅವರು ಹೂಂ ಅನ್ನುತ್ತಾರೆ, ಮರುದಿನ ಪ್ಲೇಟು ಬೇಲೂರು ಸೇರುತ್ತದೆ, ನನಗೆ ಗೆದ್ದಲಿನ ಕಥೆ. ಆರು ವರ್ಷ ‘ಅಕ್ಕ, ಅಕ್ಕ’ ಅಂದವನು.

ಕುಮಾರ್‌ಗೆ ಹೇಳಿದೆ. “ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೇ” ಅಂದು ಪೇಪರ್ ತಿರುವಿದರು. ಮೈ ಉರಿಯಿತು.

ಆಗಸ್ಟ್ 15, ಶುಕ್ರವಾರ. ಸಂಜೆ 4.30

ಹೋಗಿದ್ದೆ. ರಜೆ ಇತ್ತು. ಜಾವಗಲ್ ಮೇಲೆ ಬಸ್ಸು. ಗಡಿ ಮುರಿದವನು ಮೊದಲು ಅವನು, ಆದ್ದರಿಂದ ನನಗೆ ಅಳುಕಿಲ್ಲ. ಇರಲಿಲ್ಲ ಅಂತ ಬರೆಯುವುದೇ ಸರಿ.

ಕೆಂಚಯ್ಯ ಜಗಲಿಯಲ್ಲಿ ಕೂತಿದ್ದರು. ಶಾಲೆಯ ಮೈಕಿನಲ್ಲಿ ಭಾಷಣ. “ಆ ಮೈಕಿನ ಹಾರನ್ ಗ್ವಾಡೆ ಕಡೀಕೆ ತಿರುಗ್ಸವ್ರೆ, ದಡ್ರು” ಅಂತ ಬೈಯುತ್ತಿದ್ದರು. ನೋಡದೆ, ಬರೀ ಸದ್ದಿನಿಂದಲೇ ತಿಳಿಯುವಷ್ಟು ಕಿವಿ ಇನ್ನೂ ಇದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಸುಳ್ಳನ್ನು ಜೋರಾಗಿ ಹೇಳಿದೆ — “ಇಂದ್ರೇಶ ಕಳಿಸಿದಾನೆ. ಪ್ಲೇಟು ಬೇಕಂತೆ.”

ಯಾಕೆ ಅಂತ ಕೇಳಲಿಲ್ಲ. ಯಾರು ಅಂತಲೂ ಕೇಳಲಿಲ್ಲ. ಒಳಗೆ ಹೋಗಿ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ತಂದು ಕೈಗಿಟ್ಟರು.

“ಇಂದ್ರೇಶ ಅಂದ್ಯಲ್ಲವ್ವ, ಸಾಕು. ಮೈಕ್‌ಸೆಟ್‌ನೋರು ಹೆಸ್ರಿನ್ ಮ್ಯಾಲೇ ಪ್ಲೇಟು ಕೊಡೋದು. ಮಂಗ್ಳಾರಕ್ಕೆ ಬಂದ್ರೆ ಆಯ್ತು.”

ಮಜ್ಜಿಗೆ ಕೊಟ್ಟರು. ಕುಡಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಕೈಗೆ ಭಾರ. ಅಂಚಿನಲ್ಲಿ ತಗಡಿನ ಹೊಳಪು. ಆ ಕಾಲದ ಗಟ್ಟಿ ಮಾಲು.

ಸಂಜೆ 5.30

ತೊಳೆದೆ. ನಡುವೆ ಬೆಂಕಿಕಡ್ಡಿಯಷ್ಟು ಅಗಲದ ಬೂದು ಪಟ್ಟಿ. ಇಂದ್ರೇಶನ ಜಿಡ್ಡು ಕೈಯದೇ ಇರಬೇಕು. ಅಲ್ಲಿಗೆ ಸ್ಪಿರಿಟ್ ಜಾಸ್ತಿ ಹಾಕಿ ಚೆನ್ನಾಗಿ ಉಜ್ಜಿದೆ. ಬಟ್ಟೆಯೆಲ್ಲ ಕಪ್ಪು. ನಲವತ್ತು ವರ್ಷದ ಕೊಳೆ! ಬಟ್ಟೆಯನ್ನು ತಂತಿಯ ಮೇಲೆ ಹಾಕಿದ್ದೇನೆ, ಕುಮಾರ್‌ಗೆ ತೋರಿಸಬೇಕು.

6.15

ಕೇಳಿದೆ. ಎಂಥ ಹಾಡು! ಸಿಂಥ್ ಹನಿ ಹನಿ ತೊಟ್ಟಿಕ್ಕಿದಂತೆ ಶುರು, ಆಮೇಲೆ ತಮಟೆಯ ಗತ್ತನ್ನೇ ಕೀಲಿಗಳ ಮೇಲೆ ತಂದಿದ್ದಾರೆ. ಕಣ್ಣಲ್ಲಿ ನೀರು ಬಂತು. ಆದರೆ ಹಾಡಿನ ಹಿಂದೆಲ್ಲ ಸುಯ್ ಅನ್ನುವ ಸದ್ದು. ಆ ಪಟ್ಟಿಗೆ ಸೂಜಿ ಬಂದಾಗ ಅಂತೂ ಏನೂ ಇಲ್ಲ — ಬರೀ ಪರಪರ. ಇಪ್ಪತ್ತು ಸೆಕೆಂಡು ಪೂರ್ತಿ. ಆಮೇಲೆ ಮತ್ತೆ ಹಾಡು.

ಅವನೇ. ಕಂಡಕಂಡ ಸೂಜಿ ಹಾಕಿ ಸವೆಸಿಟ್ಟಿದ್ದಾನೆ. ಅದೂ ಒಂದೇ ಜಾಗದಲ್ಲಿ. ಯಾಕೆ? ಆ ಜಾಗ ಹಾಳುಮಾಡಿ, ಇದು ಕೆಲಸಕ್ಕೆ ಬಾರದ ಮಾಲು ಅಂತ ಮುದುಕರನ್ನು ನಂಬಿಸಲಿಕ್ಕೋ?

ಆಗಸ್ಟ್ 19, ಮಂಗಳವಾರ. ಮಧ್ಯಾಹ್ನ 2

ಇಂದ್ರೇಶನ ಫೋನ್. ಕೆಂಚಯ್ಯನ ಜಗಲಿಯಿಂದಲೇ. ಜಗಳಕ್ಕೆ ತಯಾರಾಗಿದ್ದೆ. ಅವನು ಬೈಯಲೇ ಇಲ್ಲ. ಅದೇ ಕಷ್ಟವಾಯಿತು.

“ಅಕ್ಕ, ಪ್ಲೇಟು ನಿಮ್ಮತ್ರ ಐತೆ ಅಲ್ವಾ? ಇರ್ಲಿ. ನಾನು ಸುಳ್ಳು ಹೇಳಿದ್ದು ತಪ್ಪು. ಅವ್ರು ಮಾತು ತಗಂಡಿದ್ರು, ಯಾರ್ಗೂ ಹೇಳಕೂಡ್ದು ಅಂತ.”

ಆಮೇಲೆ ಹೇಳಿದ. ಬೆಂಗಳೂರಿಗೆ ಒಯ್ಯುವ ಮೊದಲು ಹಾಡನ್ನು ಟೇಪ್ ಮಾಡಿದ್ದು ಮನೆಯ ನಡುಮನೆಯಲ್ಲೇ. ಕೆಂಚಯ್ಯ ನುಡಿಸುತ್ತಿರುವಾಗ ಅವರ ಹೆಂಡತಿ ದೇವೀರಮ್ಮ ಅಡುಗೆಮನೆಯಿಂದ ಕೂಗಿದ್ದು ಅದರಲ್ಲಿ ಸೇರಿಹೋಗಿದೆ. “ಸಾಕು ಬುಡಿ, ಮುದ್ದೆ ಆರೋಯ್ತದೆ, ಬನ್ನಿ ಉಣ್ಣಾಕೆ.” ಅಷ್ಟೇ. ಆಕೆ ಹೋಗಿ ಒಂಬತ್ತು ವರ್ಷ. ಆ ದನಿ ಇನ್ನೆಲ್ಲೂ ಇಲ್ಲ. ಟೇಪಿನ ಮೇಲೆ ಆಗಲೇ ಭಜನೆ ತುಂಬಿಬಿಟ್ಟಿದ್ದರು. ಮಂಗಳವಾರ ಮಂಗಳವಾರ ಅದೊಂದೇ ಜಾಗವನ್ನು ಎರಡು ಸಲ ಹಾಕುವುದು, ಬಾಗಿಲು ಮುಚ್ಚುವುದು ಮಂದ ಕಿವಿಗೆ ಹೊರಗಿನ ಸದ್ದು ಅಡ್ಡ ಬಾರದಿರಲೆಂದು.

“ಫೋನ್‌ಗೆ ತುಂಬ್ಕೊಂಡಿಲ್ವೇನೋ?” ಅಂತ ಕೇಳಿದೆ.

“ಒಪ್ಪಲ್ಲ ಅಕ್ಕ. ಅವ್ಳ ದನಿ ಊರೂರ ಫೋನಲ್ಲಿ ಓಡಾಡಕೂಡ್ದು ಅಂತಾರೆ. ಕದ್ದು ತುಂಬ್ಕಳಕ್ಕೆ ಮನಸು ಬರ್ನಿಲ್ಲ. ಆಮೇಲೆ, ತೊಳೀಬ್ಯಾಡಿ. ಅದು ಮಾಮೂಲಿ ಪ್ಲೇಟಲ್ಲ. ತಗಡಿನ ಮೇಲೆ ಬಣ್ಣದಂಗೆ ಪದರ ಬಳಿದಿರೋ ಸ್ಯಾಂಪಲ್ಲು. ಸ್ಪಿರಿಟ್ ಸೋಕಿದ್ರೆ ಕರಗೋಯ್ತದೆ. ನಿಮ್ಗೆ ಗೊತ್ತಿರ್ತದೆ ಬಿಡಿ.”

ಗೊತ್ತಿತ್ತು. ಓದಿದ್ದೆ. ಭಾರ, ತಗಡಿನ ಅಂಚು — ಎಲ್ಲ ಕಣ್ಣೆದುರಿಗೇ ಇತ್ತು. ಇಂದ್ರೇಶನ ಕೈಗುರುತು ಹುಡುಕುವ ಭರದಲ್ಲಿ ಪ್ಲೇಟನ್ನೇ ನೋಡಲಿಲ್ಲ.

“ಹೂಂ, ಗೊತ್ತು” ಅಂದೆ.

ಸಂಜೆ

ಬಟ್ಟೆ ಇನ್ನೂ ತಂತಿಯ ಮೇಲಿದೆ. ಆ ಕಪ್ಪು ಕೊಳೆಯಲ್ಲ. ಪ್ಲೇಟಿನ ಮೈಯೇ. ಎಲ್ಲಿ ಹೆಚ್ಚು ಉಜ್ಜಿದೆನೋ ಅಲ್ಲೇ ಆಕೆ ಇದ್ದದ್ದು.

ಆಗಸ್ಟ್ 20

ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿದೆ. ಪರಪರದ ಅಡಿಯಲ್ಲಿ ಏನಾದರೂ… ಇಲ್ಲ. ಮತ್ತೆ ಸೂಜಿ ಇಡಲು ಧೈರ್ಯ ಬರಲಿಲ್ಲ.

ಆಗಸ್ಟ್ 26

ಇಂದ್ರೇಶ ಮೂರು ಸಲ ಫೋನ್ ಮಾಡಿದ. ಜ್ವರ ಅಂದೆ. ಅವನು ನಂಬಿದನೋ ಇಲ್ಲವೋ. ಕುಮಾರ್ ಮೊದಲ ಬಾರಿ ತಮಾಷೆ ಮಾಡಲಿಲ್ಲ. “ಹೋಗಿ ಹೇಳ್ಬಿಡು ಹೇಮಾ. ಇಲ್ಲೇ ಕೂತು ಅವ್ರೇನಂತಾರೋ ಇವ್ರೇನಂತಾರೋ ಅಂತ ಎಷ್ಟು ದಿನ?” ಅಂದರು.

ಆಗಸ್ಟ್ 31, ಭಾನುವಾರ. ವಾಪಸ್ ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ.

ಬಸ್ ಇಳಿದ ತಕ್ಷಣ ಹೇಳಿಬಿಡಬೇಕು ಅಂದುಕೊಂಡಿದ್ದೆ. ಪ್ಲೇಟು ತರುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದರಿಂದ ಇಂದ್ರೇಶ ಆಗಲೇ ಬಂದು ಪ್ಲೇಯರ್ ಬಿಚ್ಚಿಟ್ಟಿದ್ದ. ಕೆಂಚಯ್ಯ ಹೊಸ ಶರಟು ಹಾಕಿದ್ದರು. ಎರಡು ಮಂಗಳವಾರ ತಪ್ಪಿದ್ದಕ್ಕೆ ಆತುರ. ಹೇಳದೆಯೇ ಪ್ಲೇಟನ್ನು ಇಂದ್ರೇಶನ ಕೈಗಿಟ್ಟೆ. ಬಾಗಿಲು ಮುಚ್ಚಿದರು.

ಪಟ್ಟಿ ಬಂತು. ಪರಪರ. ಇಂದ್ರೇಶ ಪ್ಲೇಟು ನೋಡಿದ, ಆಮೇಲೆ ನನ್ನನ್ನು. ಅವನಿಗೆ ತಿಳಿಯಿತು.

ಕೆಂಚಯ್ಯ ಸ್ಪೀಕರಿಗೆ ಕಿವಿ ಒತ್ತಿ ಕಣ್ಣು ಮುಚ್ಚಿದ್ದರು. ಸರಿಯಾಗಿ ಆ ಜಾಗದಲ್ಲಿ ಕೈ ಎತ್ತಿದರು. “ಬಂದೆ ಕಣೇ, ಇರು” ಅಂದರು. ದಿನಾ ಅನ್ನುವವರ ಹಾಗೆ.

ಇಂದ್ರೇಶ ಸೂಜಿ ಎತ್ತಿದ. ಎರಡನೆಯ ಸಲ ಹಾಕಲಿಲ್ಲ. ಕೆಂಚಯ್ಯ ಹಾಕೆಂದು ಕೇಳಲೂ ಇಲ್ಲ. ಪ್ಲೇಟನ್ನು ಸೀರೆಯ ತುಂಡಿನಲ್ಲಿ ಸುತ್ತುತ್ತಾ ನನ್ನ ಕಡೆ ತಿರುಗಿದರು.

“ತೊಳ್ದ್ಯಾ ಮಗಾ?”

ಹೂಂ ಅಂದೆ.

“ಅದ್ಕೇ. ಶ್ಯಾನೆ ಚೆಂದಾಗಿ ಕೇಳ್ತು ಇವತ್ತು.”

ಅಷ್ಟಂದು ನನ್ನ ತಲೆ ಸವರಿದರು. ನಗುತ್ತಿದ್ದರು. ಶಾಲೆಯ ಹಾರನ್ ಯಾವ ಕಡೆ ತಿರುಗಿದೆ ಅಂತ ಜಗಲಿಯಿಂದಲೇ ಹೇಳಿದ ಕಿವಿ ಅದು. ಹಾಗಾದರೆ ಅವರಿಗೆ ಗೊತ್ತಾಗಿತ್ತು, ಆ ದನಿ ಇನ್ನಿಲ್ಲವೆಂದು; ನನಗಾಗಿಯೇ ಹಾಗಂದರು.